ಈ ಮಸಿ ಯಾವ ಒಲೆಯದು?

ಬೆಳಿಗ್ಗೆ ಗಾಳಿ ಹೀರಿ ಕಣ ಹಿಡಿಯುವ ಸ್ಯಾಂಪ್ಲರಿನಿಂದ ಫಿಲ್ಟರ್ ತೆಗೆದು ಚಿಮಟದಲ್ಲಿ ಹಿಡಿದಾಗ ನಾನು ಮೊದಲು ನೋಡುವುದು ಅದರ ಬಣ್ಣವನ್ನು. ಹಿಂದಿನ ದಿನ ಹಾಲಿನಂತೆ ಬೆಳ್ಳಗಿದ್ದ ಸ್ಫಟಿಕ ನಾರಿನ ಬಿಲ್ಲೆ ಅದು. 24 ಗಂಟೆಯಲ್ಲಿ ಅದರ ಮೂಲಕ ಸುಮಾರು 24 ಘನ ಮೀಟರ್ ಗಾಳಿ ಹಾದುಹೋಗಿರುತ್ತದೆ. ಲಾರಿಗಳು ಓಡುವ ಹೆದ್ದಾರಿ ಪಕ್ಕದ್ದು ಕಾಡಿಗೆ ಬಳಿದಂತೆ ಕಡುಗಪ್ಪಾಗಿರುತ್ತದೆ. ಸೌದೆ, ಭತ್ತದ ಹೊಟ್ಟು ಉರಿಸುವ ಓಣಿಯದು ಡಿಕಾಕ್ಷನ್ ಚೆಲ್ಲಿದಂತೆ ಕಂದು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ನಡುವೆ ಇಟ್ಟ ಫಿಲ್ಟರಿನಲ್ಲಿ ಎರಡೂ ಬಣ್ಣ ಕಲೆತಿದ್ದವು.

ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಧನ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು: ಜ್ವಾಲೆ ತಣ್ಣನೆಯ ಲೋಹಕ್ಕೆ ತಾಗಿ ಸೋತ ಕಡೆ ಇಂಗಾಲ ಹಾಗೇ ಕೂರುತ್ತದೆ. ಕೈಗಾರಿಕಾ ಊರಿನ ಗಾಳಿ ಕೆಟ್ಟಿದೆ ಎಂದೊಡನೆ ಎಲ್ಲರೂ ಬೆರಳು ತೋರಿಸುವುದು ಅತಿ ಎತ್ತರದ ಹೊಗೆಗೂಡಿನ ಕಡೆಗೆ. ಆದರೆ ಸರಿಯಾಗಿ ನಡೆಯುವ ದೊಡ್ಡ ಬಾಯ್ಲರಿನೊಳಗೆ ಕಾವೂ ಗಾಳಿಯೂ ಸಾಕಷ್ಟಿರುತ್ತವೆ. ಅಲ್ಲಿಂದ ಗಂಧಕದ ಡೈಆಕ್ಸೈಡ್ ಬರುತ್ತದೆ, ಬೂದಿ ಬರುತ್ತದೆ, ಮಸಿ ಕಡಿಮೆ. ಮಸಿ ಹುಟ್ಟುವುದು ಹೆಚ್ಚಾಗಿ ಮಾಳಿಗೆ ಎತ್ತರವನ್ನೂ ದಾಟದ ಸಣ್ಣ ಬೆಂಕಿಗಳಲ್ಲಿ: ಭಟ್ಟಿ, ಹೋಟೆಲಿನ ಸೌದೆ ಒಲೆ, ಹಳೆಯ ಡೀಸೆಲ್ ಜನರೇಟರ್, ಖಾಲಿ ಸೈಟಿನಲ್ಲಿ ಹಚ್ಚಿದ ಕಸ. ಚಳಿಗಾಲದ ಗಾಳಿಯಿಲ್ಲದ ರಾತ್ರಿಯಲ್ಲಿ ಈ ಹೊಗೆ ಮೇಲೇಳದೆ ನಾವು ಉಸಿರಾಡುವ ಎತ್ತರದಲ್ಲೇ ಹರಡಿ ನಿಲ್ಲುತ್ತದೆ.

ಆ ಭಟ್ಟಿಯೊಂದರ ಒಳಗೆ ನಿಂತದ್ದು ನೆನಪಿದೆ. ತೊಲೆಯಿಂದ ಇಲ್ಲಣ ದಾರದಂತೆ ಜೋತಾಡುತ್ತಿತ್ತು. ಬಾಣಲೆಯಲ್ಲಿ ಕಾದ ಮರಳು, ಅದರಲ್ಲಿ ಅರಳುವ ಅಕ್ಕಿ. ಮೂಲೆಯಲ್ಲಿ ಸೀಳಿಟ್ಟ ಹಳೆ ಟೈರಿನ ತುಂಡುಗಳಿದ್ದವು. "ಇದನ್ನ ಹಾಕಿದ್ರ ಲಗೂನ ಕಾವು ಹಿಡಿತೈತ್ರಿ ಸಾರ್," ಎಂದರು ಒಲೆಯ ಮುಂದೆ ಕೂತವರು. ಅವರು ಹೇಳಿದ್ದು ನಿಜವೇ. ಕಿಲೋ ಲೆಕ್ಕದಲ್ಲಿ ಟೈರಿನ ಕಾವು ಹೊಟ್ಟಿನ ಎರಡು ಪಟ್ಟಿಗೂ ಹೆಚ್ಚು. ಆದರೆ ಟೈರಿನ ತೂಕದಲ್ಲಿ ಸುಮಾರು ಕಾಲು ಭಾಗ ತಯಾರಿಸುವಾಗಲೇ ಬೆರೆಸಿದ ಕಪ್ಪು ಇಂಗಾಲ. ಹೊಗೆಯ ಹತ್ತಿರ ಯಾರಿಗಿಂತಲೂ ಹೆಚ್ಚು ಹೊತ್ತು ಕೂರುವವರು ಅವರೇ. ಅವರನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ.

ಮಸಿಯ ಮೂಲ ಪತ್ತೆಹಚ್ಚುವುದು ಪ್ರಯೋಗಾಲಯದಲ್ಲಿ. ಫಿಲ್ಟರಿನ ಸಣ್ಣ ತುಣುಕನ್ನು ಮೊದಲು ಹೀಲಿಯಂನಲ್ಲಿ 580 ಡಿಗ್ರಿಯವರೆಗೆ ಕಾಯಿಸುತ್ತೇವೆ. ಆವಿಯಾಗಿ ಹೋಗುವುದು ಸಾವಯವ ಇಂಗಾಲ. ಆಮೇಲೆ ಆಮ್ಲಜನಕ ಹಾಯಿಸಿ 840 ಡಿಗ್ರಿವರೆಗೆ ಏರಿಸಿದಾಗ ಉರಿದುಹೋಗುವುದು ಮಸಿ. ಮೊದಲ ಹಂತದಲ್ಲೇ ಒಂದಿಷ್ಟು ಇಂಗಾಲ ಸೀದು ಇದ್ದಿಲಾಗುತ್ತದೆ. ಅದನ್ನು ಮಸಿಯ ಲೆಕ್ಕಕ್ಕೆ ಸೇರಿಸದಿರಲು ಲೇಸರ್ ಕಿರಣ ತುಣುಕಿನ ಕಪ್ಪನ್ನು ಕ್ಷಣಕ್ಷಣವೂ ಅಳೆಯುತ್ತಿರುತ್ತದೆ. ಡೀಸೆಲ್ ಹೊಗೆಯಲ್ಲಿ ಮಸಿಯ ಪಾಲು ಜಾಸ್ತಿ, ಸೌದೆ ಹೊಗೆಯಲ್ಲಿ ಸಾವಯವದ್ದು. ಸೌದೆ, ಹೊಟ್ಟು ಸುಟ್ಟಿದ್ದರೆ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಂಥ ವಸ್ತು ಸಿಗುತ್ತದೆ, ವಾಹನದ ಎಂಜಿನ್ ಆಯಿಲ್ ಇದ್ದರೆ ಹೋಪೇನ್ ಎಂಬ ಪೆಟ್ರೋಲಿಯಂ ಅಂಶ, ಟೈರ್ ಇದ್ದರೆ ಸತು. ಇಂಗಾಲದ ವಿಕಿರಣಶೀಲ ರೂಪವಾದ ಇಂಗಾಲ-14ರ ಪರೀಕ್ಷೆ ಇನ್ನೂ ನೇರ. ಇತ್ತೀಚೆಗೆ ಬೆಳೆದ ಗಿಡದಲ್ಲಿ ಅದಿರುತ್ತದೆ, ಡೀಸೆಲ್ ಮತ್ತು ಕಲ್ಲಿದ್ದಲಿನಲ್ಲಿ ಅದು ಎಂದೋ ಕ್ಷಯಿಸಿ ಮುಗಿದಿರುತ್ತದೆ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿ ಓರ್ಯನ್ ಗುಸ್ಟಾಫ್‌ಸನ್ ಅವರ ತಂಡ ಪುಣೆ ಬಳಿಯ ಸಿಂಹಗಡದಲ್ಲೂ ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪದಲ್ಲೂ ಹಿಡಿದ ಇಂಗಾಲದಲ್ಲಿ ಸುಮಾರು ಮೂರನೇ ಎರಡು ಪಾಲು ಸೌದೆ, ಬೆಳೆ ಕಸದಂಥ ಜೈವಿಕ ಇಂಧನದ್ದೆಂದು ತೋರಿಸಿದ್ದು ಇದೇ ಪರೀಕ್ಷೆಯಿಂದ. ಟೈರ್ ಮಾತ್ರ ಇಲ್ಲೂ ತೊಡಕು. ಅದರಲ್ಲಿ ಮರದ ರಬ್ಬರೂ ಇದೆ, ಪೆಟ್ರೋಲಿಯಂ ಮೂಲದ್ದೂ ಇದೆ.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯೂ ಇದೆ. ಅಲ್ಲಿ ಸಾಧನೆ ಅಳೆಯುವುದು ಪಿಎಂ 10ರ, ಅಂದರೆ 10 ಮೈಕ್ರೊಮೀಟರ್‌ವರೆಗಿನ ಕಣಗಳ, ತೂಕದಲ್ಲಿ. ತೂಕದಲ್ಲಿ ಗೆಲ್ಲುವುದು ರಸ್ತೆಯ ಧೂಳು. ಅದಕ್ಕೇ ಗುಡಿಸುವ ಯಂತ್ರಗಳು ಮೊದಲು ಬರುತ್ತವೆ. ಗಾಳಿಯ ಗುಣಮಟ್ಟಕ್ಕೆ 2009ರ ರಾಷ್ಟ್ರೀಯ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ, ಇನ್ನೂ ಸಣ್ಣ ಕಣಗಳಾದ ಪಿಎಂ 2.5ಕ್ಕೆ ಘನ ಮೀಟರ್ ಗಾಳಿಗೆ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಂ ಮಿತಿಯೂ ಇದೆ, ಮಸಿಗೆಂದು ಪ್ರತ್ಯೇಕ ಮಿತಿ ಇಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಪುಪ್ಪುಸದ ಆಳಕ್ಕೆ ಇಳಿಯುವ ಕಣ ತೂಕದಲ್ಲಿ ಹಗುರ.

ಭಟ್ಟಿ ಮುಚ್ಚಿಸುವುದಕ್ಕಿಂತ ಒಲೆ ತಿದ್ದುವುದು ಮೇಲು. ಒಣಗಿದ ಹೊಟ್ಟು, ಕಾವು ಸೋರದ ಇಟ್ಟಿಗೆ ಗೂಡು, ಜ್ವಾಲೆಯ ಮೇಲ್ಭಾಗಕ್ಕೆ ಇನ್ನೊಂದು ಕಡೆಯಿಂದ ಗಾಳಿ. ಅಂದು ಟೈರ್ ಬದಿಗಿರಿಸಿ, ಹೊಟ್ಟನ್ನು ಬುಟ್ಟಿಗಟ್ಟಲೆ ಸುರಿಯುವ ಬದಲು ಸ್ವಲ್ಪಸ್ವಲ್ಪವೇ ಹಾಕಿ, ಸಣ್ಣ ಬ್ಲೋಯರ್ ತಿರುಗಿಸಿ ನೋಡೋಣ ಎಂದು ಕೇಳಿಕೊಂಡೆ. ಅವರು ಹಾಗೇ ಮಾಡಿದರು. ಹೊರಗೆ ಬಂದು ನಿಂತೆವು. ಹೊಗೆಗೂಡಿನ ತುದಿಯ ಕಪ್ಪು ನಿಧಾನಕ್ಕೆ ತೆಳುವಾಗಿ, ಅದರಾಚೆಯ ತೆಂಗಿನ ಗರಿಗಳು ಕಾಣತೊಡಗಿದವು.