ಕಿಲೋಮೀಟರ್ ಕಮ್ಮಿ, ಬಿಲ್ಲು ಜಾಸ್ತಿ

"ಐದು ವರ್ಷದಲ್ಲಿ ಎಂಟೇ ಸಾವಿರ ಕಿಲೋಮೀಟರ್ ಓಡಿದೆ, ಹೊಸ ಕಾರು ಅಂತಲೇ ತಿಳ್ಕೊಳ್ಳಿ." ಸ್ಪೋರ್ಟ್ಸ್ ಕಾರು ಮಾರುವವರೂ ಇದನ್ನೇ ಹೇಳುತ್ತಾರೆ, ಕೊಂಡವರೂ ಇದನ್ನೇ ಹೇಳುತ್ತಾರೆ. ಸರ್ವೀಸಿಗೆ ತಂದಾಗ ಅದೇ ಮಾತು ಸ್ವಲ್ಪ ತಿರುಗಿಕೊಂಡು ಬರುತ್ತದೆ: "ಓಡಿಸೇ ಇಲ್ವಲ್ಲ ಸಾರ್, ಆಯಿಲ್ ಯಾಕೆ ಬದಲಾಯಿಸಬೇಕು?"

ಮಾಮೂಲಿ ಕಾರಿನ ಮಟ್ಟಿಗೆ ಈ ಲೆಕ್ಕ ಅರ್ಧದಷ್ಟು ಸರಿ. ಸ್ಪೋರ್ಟ್ಸ್ ಕಾರಿಗೆ ಕಾಲು ಭಾಗವೂ ಸರಿಯಲ್ಲ. ಈ ಕಾರುಗಳ ವೇಗ, ಹಿಡಿತ, ಬ್ರೇಕು ಎಲ್ಲವೂ ಬೇಗ ಕೆಡುವ ವಸ್ತುಗಳಿಂದಲೇ ಬರುತ್ತವೆ. ಮೆತ್ತನೆಯ ರಬ್ಬರು, ನೀರು ಹೀರುವ ಬ್ರೇಕ್ ಆಯಿಲ್, ಕೂದಲೆಳೆಯಷ್ಟು ಸಂದಿನಲ್ಲಿ ತಿರುಗುವ ಬೇರಿಂಗ್. ಇವುಗಳಿಗೆ ಮೀಟರ್ ಓದಲು ಬರುವುದಿಲ್ಲ. ಇವು ದಿನ ಎಣಿಸುತ್ತವೆ, ಶಾಖ ಎಣಿಸುತ್ತವೆ.

ಟೈರಿನಿಂದ ಶುರು ಮಾಡೋಣ. ಟೈರಿನ ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ ಆ ಟೈರು ತಯಾರಾದದ್ದು 2019ರ 35ನೇ ವಾರ. ಕೆಲವು ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಪಕ್ಕೆಯ ಮೇಲಿದ್ದು, ಅದು ಕಾರಿನ ಒಳಮುಖಕ್ಕಿದ್ದರೆ ಕೆಳಗೆ ಬಗ್ಗಿಯೇ ನೋಡಬೇಕು. ಎಂಟು ಸಾವಿರ ಓಡಿದ ಕಾರಿನ ಟೈರಿನಲ್ಲಿ ಗೀರು ಆಳವಾಗಿಯೇ ಇರುತ್ತದೆ, ನೋಡಲು ಚೆಂದ. ಆದರೆ ಐದಾರು ವರ್ಷ ಕಳೆದ ಆ ರಬ್ಬರಿನ ಮೇಲೆ ಉಗುರು ಒತ್ತಿದರೆ ಅದು ಹಲಗೆಯಂತೆ ಗಟ್ಟಿ. ಮಳೆಯ ತಿರುವಿನಲ್ಲಿ ಹಿಂಬದಿ ಜಾರಿದಾಗಲೇ ಮಾಲೀಕರಿಗೆ ಇದು ಅರ್ಥವಾಗುವುದು. ಆಗಲೂ ಬೈಸಿಕೊಳ್ಳುವುದು ಕಾರಿನ ಕಂಪ್ಯೂಟರ್.

ಮೆತ್ತನೆಯ ರಬ್ಬರಿನ ಲೆಕ್ಕ ಇನ್ನೊಂದಿದೆ. ಟೈರಿನ ಮೇಲೆ ಟ್ರೆಡ್‌ವೇರ್ ಎಂಬ ಸಂಖ್ಯೆ ಇರುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿ ಅದು 400, 500; ರೇಸ್ ಟ್ರ್ಯಾಕಿಗೂ ರಸ್ತೆಗೂ ಎಂದು ಮಾಡಿದ ಟೈರಿನಲ್ಲಿ 200ರ ಆಸುಪಾಸು. ಸಂಖ್ಯೆ ಕಡಿಮೆಯಾದಷ್ಟೂ ಸವೆತ ಬೇಗ. ಇದನ್ನು ಆಯಾ ಕಂಪನಿಯೇ ಪರೀಕ್ಷಿಸಿ ಹಾಕಿಕೊಳ್ಳುವುದರಿಂದ ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಬೇಡಿ. ಹಿಡಿತ ಬೇಕೆಂದರೆ ಆಯುಷ್ಯ ಬಿಟ್ಟುಕೊಡಬೇಕು. ಎರಡೂ ಕೊಡುತ್ತೇವೆ ಎನ್ನುವವರು ಒಂದರಲ್ಲಿ ಸುಳ್ಳು ಹೇಳುತ್ತಿದ್ದಾರೆ. ಇನ್ನು ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವ ಕಾರುಗಳಲ್ಲಿ ಹಿಂದು-ಮುಂದು ಮಾಡಿ ಸವೆತ ಹಂಚುವ ಹಳೆಯ ಉಪಾಯವೂ ನಡೆಯದು. ನೆಗೆಟಿವ್ ಕ್ಯಾಂಬರ್ ಇಟ್ಟ, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ ಕಾರಿನಲ್ಲಿ ಟೈರಿನ ಒಳಅಂಚು ಮೊದಲು ಹೋಗುತ್ತದೆ. ಅದರ ಜೊತೆ ಟೋ ಅಲೈನ್‌ಮೆಂಟ್, ಅಂದರೆ ಚಕ್ರ ಮುಖ ಮಾಡಿದ ದಿಕ್ಕು, ಸ್ವಲ್ಪ ತಪ್ಪಿದ್ದರಂತೂ, ಹೊರಗಿನಿಂದ ಅರ್ಧ ಬಾಳಿಕೆ ಉಳಿದಂತೆ ಕಾಣುವ ಟೈರಿನ ಒಳಗಡೆ ತಂತಿ ಈಚೆ ಬಂದಿರುತ್ತದೆ. ತಿಂಗಳಿಗೊಮ್ಮೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಹಾಕಿ ನೋಡಿ. ಹಿಂದಿನ ಚಕ್ರಕ್ಕೆ ಜ್ಯಾಕ್ ಹಾಕಿ ನೋಡಲು ಸೋಮಾರಿತನ ಬೇಡ.

ಈಗ ನಾನು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ವಿಷಯ: ಬ್ರೇಕ್ ಆಯಿಲ್.

ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರುವುದು ಅದರ ಸ್ವಭಾವ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಕಾರು ಓಡಲಿ, ನಿಲ್ಲಲಿ, ಅದಕ್ಕೆ ಎರಡೂ ಒಂದೇ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1ರಲ್ಲಿ ಈ ಅಂಕಿಗಳು 260 ಮತ್ತು 180. ಡಾಟ್ 5 ಎಂಬುದು ಸಿಲಿಕೋನ್, ಬೇರೆಯೇ ಜಾತಿ; ಅಂಕಿ ಹತ್ತಿರವಿದೆ ಎಂದು ಅದನ್ನು ಇದಕ್ಕೆ ಬೆರೆಸಿದರೆ ಇಡೀ ವ್ಯವಸ್ಥೆಯನ್ನೇ ಬಿಚ್ಚಿ ತೊಳೆಯಬೇಕಾಗುತ್ತದೆ.

ಶಾಖ ಎಷ್ಟು ಎಂದು ಕೇಳುವವರಿಗಾಗಿ ಒಂದು ಸಣ್ಣ ಲೆಕ್ಕ. 1,500 ಕಿಲೋ ತೂಕದ ಕಾರನ್ನು ಗಂಟೆಗೆ 200 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಹೊರಬೀಳುವ ಶಕ್ತಿ ಸುಮಾರು 2.3 ಮೆಗಾಜೌಲ್. ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. 100ರಿಂದ ನಿಲ್ಲಿಸಿದರೆ ಅದರ ಕಾಲುಭಾಗ ಮಾತ್ರ, ಏಕೆಂದರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಈ ಶಾಖದ ಬಹುಪಾಲು ಡಿಸ್ಕಿಗೆ ಹೋಗುತ್ತದೆ, ಸ್ವಲ್ಪ ಪ್ಯಾಡು ದಾಟಿ, ಆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ ಮೂಲಕ ಆಯಿಲ್‌ಗೆ ಸೇರುತ್ತದೆ. ಇಳಿಜಾರಿನಲ್ಲಿ ನಾಲ್ಕೈದು ಸಲ ಜೋರಾಗಿ ಬ್ರೇಕ್ ಹಿಡಿದಾಗ ಹಳೆಯ ಆಯಿಲ್‌ನೊಳಗಿನ ನೀರು ಹಬೆಯಾಗುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಮುಂದೆ ಸಾಗುತ್ತದೆ; ಹಬೆಯನ್ನು ಒತ್ತಿದರೆ ಹಬೆಯೇ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ವಿಚಿತ್ರವೆಂದರೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿ. ವರ್ಕ್‌ಶಾಪಿಗೆ ತಂದಾಗ ಏನೂ ದೋಷ ಕಾಣುವುದಿಲ್ಲ.

ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಕಿಲೋಮೀಟರ್ ಸೊನ್ನೆಯಿದ್ದರೂ, ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಟ್ರ್ಯಾಕಿಗೆ ಹೋಗುವವರು ವರ್ಷಕ್ಕೊಮ್ಮೆಯಾದರೂ. ಡಬ್ಬಿಯಿಂದ ಹೀರಿ ಹೊಸದು ಸುರಿದರೆ ಬದಲಾಯಿಸಿದಂತಲ್ಲ. ಹಳೆಯದು ಕ್ಯಾಲಿಪರಿನಲ್ಲೇ ಕೂತಿರುತ್ತದೆ, ಶಾಖ ತಾಗುವುದೂ ಅಲ್ಲೇ. ನಾಲ್ಕೂ ಚಕ್ರಗಳ ಬ್ಲೀಡರ್‌ನಿಂದ, ಅಂದರೆ ಆಯಿಲ್ ಹೊರಬಿಡುವ ತಿರುಪಿನಿಂದ, ಹೊಸ ಬಣ್ಣ ಬರುವವರೆಗೆ ತೆಗೆಸಬೇಕು. ಅಷ್ಟು ದೊಡ್ಡ ಮೊತ್ತ ಕೊಟ್ಟು ಕಾರು ತಂದು ಒಂದು ಲೀಟರ್ ಆಯಿಲ್‌ಗೆ ಚೌಕಾಸಿ ಮಾಡುವುದು ಆನೆ ಕೊಂಡು ಅಂಕುಶಕ್ಕೆ ಜಗಳವಾಡಿದ ಹಾಗೆ.

ಎಂಜಿನ್ ಆಯಿಲ್‌ಗೂ ಇದೇ ಕಥೆ, ಆದರೆ ಇಲ್ಲಿ ಅಪರಾಧಿ ಪ್ರೀತಿ. "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡ್ತೀನಿ" ಎನ್ನುತ್ತಾರೆ, ಮಗುವಿಗೆ ಹಾಲು ಕುಡಿಸಿದಷ್ಟು ಹೆಮ್ಮೆಯಿಂದ. ದಯವಿಟ್ಟು ಬೇಡ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ತಣ್ಣಗಿನ ಎಂಜಿನ್ನಿನ ಗೋಡೆಗೆ ಹನಿಗಟ್ಟುತ್ತದೆ. ಉರಿಯದ ಪೆಟ್ರೋಲೂ ಜೊತೆಗೆ ಸೇರಿ ಆಯಿಲ್ ತೆಳುವಾಗುತ್ತದೆ. ಐದು ನಿಮಿಷದಲ್ಲಿ ಇವೆರಡೂ ಆವಿಯಾಗಿ ಹೋಗುವಷ್ಟು ಆಯಿಲ್ ಬಿಸಿಯಾಗುವುದಿಲ್ಲ. ಸ್ಟಾರ್ಟ್ ಮಾಡುವುದಾದರೆ ರಸ್ತೆಗಿಳಿಸಿ, ಅರ್ಧ ಗಂಟೆ ಓಡಿಸಿ, ಆಯಿಲ್ 80-100 ಡಿಗ್ರಿ ಮುಟ್ಟಲಿ. ಇಲ್ಲವೇ ಸ್ಟಾರ್ಟೇ ಮಾಡಬೇಡಿ. ಮಜ್ದಾ ಆರ್‌ಎಕ್ಸ್-8 ತರಹದ ರೋಟರಿ ಎಂಜಿನ್ ಇದ್ದರಂತೂ ಇನ್ನೂ ಎಚ್ಚರ: ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಎರಡು ಮಾರು ಸರಿಸಿ ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿ, ಮುಂದಿನ ಸಲ ಅದು ಸ್ಟಾರ್ಟೇ ಆಗದಿರಬಹುದು.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವೆ ಬಂದ ತಕ್ಷಣ ಎಂಜಿನ್ ಸಿದ್ಧವಾಯಿತು ಎಂಬ ನಂಬಿಕೆಯೂ ತಪ್ಪು. ಅದು ತೋರಿಸುವುದು ಕೂಲಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿ. ಆಯಿಲ್ ಅದಕ್ಕಿಂತ ಬಹಳ ನಿಧಾನ. ಬಿಎಂಡಬ್ಲ್ಯೂ ಎಂ3ಯ ಹಿಂದಿನೊಂದು ತಲೆಮಾರಿನಲ್ಲಿ 4 ಲೀಟರಿನ ವಿ8 ಎಂಜಿನ್ ಇತ್ತು. 420 ಅಶ್ವಶಕ್ತಿ, ಅದೂ 8,300 ಆರ್‌ಪಿಎಂನಲ್ಲಿ. ಅದಕ್ಕೆ 10ಡಬ್ಲ್ಯೂ-60 ಎಂಬ ದಪ್ಪ ಆಯಿಲ್, ಹೆಚ್ಚುಕಮ್ಮಿ ಒಂಬತ್ತು ಲೀಟರ್. ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಎಚ್ಚರಿಕೆ ದೀಪಗಳು ಎಂಜಿನ್ ತಣ್ಣಗಿದ್ದಾಗ ಕೆಳಗಿನ ಅಂಕಿಯಿಂದಲೇ ಉರಿದು, ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರುತ್ತಿದ್ದವು. ತಯಾರಕರೇ ಕೈ ಮುಗಿದು ಕೇಳಿಕೊಂಡಂತಿತ್ತು ಅದು. ಆದರೂ ಆ ಎಂಜಿನ್ನಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಬೇರಿಂಗ್ ಸವೆತ ಹೆಸರುವಾಸಿ. ಈ ಎಂಜಿನ್ನಿನ ಕಾರು ಕೊಳ್ಳುವವರು ಬೇರಿಂಗ್ ಬದಲಾಯಿಸಿದ ದಾಖಲೆ ಇದೆಯೇ ಎಂದು ಕೇಳದೆ ಮುಂಗಡ ಕೊಡಬಾರದು.

ಬ್ಯಾಟರಿಯ ವಿಷಯ ಬೇಗ ಮುಗಿಸುತ್ತೇನೆ. ಅಲಾರ್ಮ್, ರಿಮೋಟ್ ಲಾಕ್ ಎಂದು ನಿಂತ ಕಾರೂ 50 ಮಿಲಿಆಂಪ್‌ನಷ್ಟು ಎಳೆಯಬಹುದು. ದಿನಕ್ಕೆ 1.2 ಆಂಪ್-ಅವರ್, ತಿಂಗಳಿಗೆ 36. ಬ್ಯಾಟರಿ 60-70ರದ್ದಾದರೆ ಅರ್ಧ ಖಾಲಿ. ಹಾಗೇ ಬಿಟ್ಟರೆ ಸಲ್ಫೇಟ್ ಕಟ್ಟಿ ಬ್ಯಾಟರಿ ಸಾಯುತ್ತದೆ. ನಿಂತಲ್ಲೇ ಸಣ್ಣ ಪ್ರಮಾಣದಲ್ಲಿ ಚಾರ್ಜ್ ಉಳಿಸುವ ಮೇಂಟೇನರ್ ಒಂದನ್ನು ಹಾಕಿಡಿ. ಮುಂದಿನ ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟು, ಆ ಡಿಕ್ಕಿಯ ಬೀಗವನ್ನು ಅದೇ ಬ್ಯಾಟರಿಯಿಂದ ತೆರೆಯುವ ಕಾರುಗಳೂ ಇವೆ. ಪೋರ್ಷೆ 997 ಹೀಗೆ. ಬ್ಯಾಟರಿ ಸತ್ತರೆ ಫ್ಯೂಸ್ ಬಾಕ್ಸಿನಿಂದ ಒಂದು ತುದಿ ಹೊರಗೆಳೆದು ಬೇರೆ ಬ್ಯಾಟರಿಯ ಕರೆಂಟ್ ಕೊಟ್ಟು ಬೀಗ ತೆರೆಯಬೇಕು. ಮ್ಯಾನ್ಯುಯಲ್‌ನಲ್ಲಿ ಇದೆ, ಆದರೆ ಮ್ಯಾನ್ಯುಯಲ್ ಡಿಕ್ಕಿಯಲ್ಲಿ ಇಟ್ಟಿರಬೇಡಿ.

ಕಾಲದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿದ್ದರೆ ಫೆರಾರಿ ಎಫ್355. ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆಸುವ ಅದರ ಟೈಮಿಂಗ್ ಬೆಲ್ಟ್ ಬದಲಾಯಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. ಬೆಲ್ಟ್ ರಬ್ಬರಿನದು, ಮೂರರಿಂದ ಐದು ವರ್ಷಕ್ಕೆ ಬದಲಾಯಿಸುವುದು ರೂಢಿ, ಐನೂರೇ ಕಿಲೋಮೀಟರ್ ಓಡಿದ್ದರೂ. ಆಮೇಲೆ ಬಂದ 360 ಮೊಡೆನಾದಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದು ಬೆಲ್ಟ್ ತಲುಪಬಹುದು. ಎಫ್430ಗೆ ಬರುವಷ್ಟರಲ್ಲಿ ಬೆಲ್ಟ್ ಹೋಗಿ ಚೈನ್ ಬಂತು. ಸೆಕೆಂಡ್ ಹ್ಯಾಂಡ್ ಬೆಲೆಯಲ್ಲಿ ಈ ಮೂರು ಕಾರುಗಳನ್ನು ಹೋಲಿಸುವಾಗ ಈ ಸಾಲನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಹತ್ತು ವರ್ಷದಲ್ಲಿ ಕಾರಿನ ಬೆಲೆ ಮೂರನೇ ಒಂದಕ್ಕೆ ಇಳಿದಿರಬಹುದು. ಅದರ ಡಿಸ್ಕು, ಶಾಕ್ ಅಬ್ಸಾರ್ಬರ್, ಹೆಡ್‌ಲೈಟಿನ ಬೆಲೆ ಹಾಗೆ ಇಳಿಯುವುದಿಲ್ಲ. ನೀವು ಕೊಂಡದ್ದು ಅಗ್ಗದ ಕಾರಿರಬಹುದು, ಸಾಕುವುದು ಮಾತ್ರ ಹೊಸದಿದ್ದಾಗ ಅದು ಯಾವ ದರ್ಜೆಯದಾಗಿತ್ತೋ ಆ ದರ್ಜೆಯ ಕಾರನ್ನೇ.

ಕಾರ್ಬನ್ ಸೆರಾಮಿಕ್ ಬ್ರೇಕ್ ಬೇಕೇ ಎಂದು ಕೇಳುವವರು ತುಂಬಾ. ಅದು ಕಬ್ಬಿಣದ ಡಿಸ್ಕಿನ ಅರ್ಧದಷ್ಟೇ ತೂಗುತ್ತದೆ, ತುಕ್ಕು ಹಿಡಿಯುವುದಿಲ್ಲ, ರಸ್ತೆಯಲ್ಲಷ್ಟೇ ಓಡಿಸಿದರೆ ಬಹುಕಾಲ ಬಾಳುತ್ತದೆ. ಆದರೆ ಟ್ರ್ಯಾಕಿನ ಶಾಖಕ್ಕೆ ಅದರೊಳಗಿನ ಕಾರ್ಬನ್ ನಿಧಾನವಾಗಿ ಸುಟ್ಟುಹೋಗುತ್ತದೆ. ದಪ್ಪ ಹಾಗೇ ಇರುತ್ತದೆ, ತೂಕ ಇಳಿಯುತ್ತದೆ. ಅದಕ್ಕೇ ಹಲವು ಡಿಸ್ಕಿನ ಮೇಲೆ ಕನಿಷ್ಠ ತೂಕ ಕೆತ್ತಿರುತ್ತಾರೆ. ಚಕ್ರ ಬಿಚ್ಚುವಾಗ ರಿಮ್ ತಾಗಿ ಅಂಚು ಒಡೆದರೂ ಡಿಸ್ಕ್ ಹೋದಂತೆ. ಟ್ರ್ಯಾಕಿಗೆ ಪದೇ ಪದೇ ಹೋಗುವವರಿಗೆ ಕಬ್ಬಿಣದ ಡಿಸ್ಕೇ ಲೇಸು ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಅಶ್ವಶಕ್ತಿಯ ಹುಚ್ಚಿಗೂ ಒಂದು ಮಾತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ಸೇರಿಸಿದ 80 ಅಶ್ವಶಕ್ತಿ ಟಾಪ್ ಸ್ಪೀಡಿಗೆ ಕೊಡುವುದು ಅಲ್ಪ, ಕ್ಲಚ್ಚಿಗೂ ಟರ್ಬೋಗೂ ಕೊಡುವ ಕಾಟ ಬಹಳ. ಅದೇ 1996ರ ಲೋಟಸ್ ಎಲಿಸ್ ನೋಡಿ. 118 ಅಶ್ವಶಕ್ತಿ ಮಾತ್ರ, ಆದರೆ ತೂಕ 725 ಕಿಲೋ ಆಸುಪಾಸು. ಹಗುರ ಕಾರಿಗೆ ಟೈರು ಕಿರಿದು ಸಾಕು, ಪ್ಯಾಡು ಬಾಳುತ್ತದೆ, ಪೆಟ್ರೋಲ್ ಉಳಿಯುತ್ತದೆ. ಮಳೆ, ಸಾಮಾನು, ಸೊಂಟನೋವಿನ ವಿಚಾರದಲ್ಲಿ ಮಾತ್ರ ಕರುಣೆಯಿಲ್ಲ.

ಕಡಿಮೆ ಓಡಿದ ಕಾರನ್ನೇ ಕೊಳ್ಳಲು ಹೊರಟಿದ್ದರೆ ಇಷ್ಟಾದರೂ ಮಾಡಿಸಿ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿ ಎಲ್ಲ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಒಂದು ಸಿಲಿಂಡರ್ ಮಿಕ್ಕವಕ್ಕಿಂತ ಬಹಳ ಬೇರೆಯಾಗಿದ್ದರೆ ಅಲ್ಲೇ ನಿಲ್ಲಿ. ಕಾರಿನ ಕಂಪ್ಯೂಟರಿನಿಂದ ಓವರ್‌ರೆವ್, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆ ತೆಗೆಸಿ. ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸುವ ಬದಲು ಎರಡಕ್ಕೆ ಹಾಕಿದರೆ ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ, ಆರ್‌ಪಿಎಂ ಮಿತಿ ಕಾಯುವ ಲಿಮಿಟರ್ ಏನೂ ಮಾಡಲಾರದು. ಪೋರ್ಷೆ 997ರ ಕಂಪ್ಯೂಟರ್ ಇದನ್ನು ಆರು ಹಂತಗಳಲ್ಲಿ, ಎಂಜಿನ್ ಎಷ್ಟನೇ ಗಂಟೆ ಓಡುವಾಗ ಆಯಿತು ಎಂಬುದರ ಸಮೇತ ಬರೆದಿಟ್ಟಿರುತ್ತದೆ. ಕೊನೆಯ ಹಂತಗಳಲ್ಲಿ ಇತ್ತೀಚಿನ ದಾಖಲೆ ಇದ್ದರೆ ಮೀಟರಿನ ಎಂಟು ಸಾವಿರಕ್ಕೆ ಬೆಲೆಯಿಲ್ಲ. ಸರ್ವೀಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಅಲ್ಲ, ತಾರೀಖು ನೋಡಿ.

ತಿಂಗಳುಗಟ್ಟಲೆ ನಿಲ್ಲಿಸುವುದು ಅನಿವಾರ್ಯವಾದರೆ, ನಿಲ್ಲಿಸುವ ಮೊದಲೇ ಆಯಿಲ್ ಬದಲಾಯಿಸಿ. ಹಳೆಯ ಆಯಿಲ್‌ನ ಆಮ್ಲ ಬೇರಿಂಗ್ ಮೇಲೆ ಕೂರುವುದು ಬೇಡ. ಟ್ಯಾಂಕ್ ತುಂಬಿಸಿ, ಎಥನಾಲ್ ಬೆರೆತ ಪೆಟ್ರೋಲಾದರೆ ಅದು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಅರ್ಧ ಗಂಟೆ ಓಡಿಸಿ, ಅದು ಇಂಜೆಕ್ಟರ್‌ವರೆಗೆ ತಲುಪಲಿ. ಟೈರಿಗೆ ಗಾಳಿ ಸ್ವಲ್ಪ ಹೆಚ್ಚಿರಲಿ, ಆದರೆ ಪಕ್ಕೆಯ ಮೇಲೆ ಬರೆದ ಗರಿಷ್ಠ ಮಿತಿ ದಾಟದಿರಲಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಒದ್ದೆ ಕಾರಿಗೆ ಹೊದಿಕೆ ಹಾಕಬೇಡಿ. ಮತ್ತೆ ತೆಗೆಯುವ ದಿನ ಮೊದಲು ಗಾಳಿ ಸರಿಮಾಡಿ, ಬಾನೆಟ್ ಎತ್ತಿ ಇಲಿ ವೈರು ಕಡಿದಿದೆಯೇ ನೋಡಿ, ಬ್ರೇಕ್ ಪೆಡಲ್ ಗಟ್ಟಿಯಿದೆಯೇ ಒತ್ತಿ ನೋಡಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಪ್ರೆಷರ್ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಮೊದಲ ಒಂದೆರಡು ಕಿಲೋಮೀಟರ್ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಿಡಿಯುತ್ತಾ ಹೋಗಿ, ಡಿಸ್ಕಿನ ಮೇಲಿನ ತುಕ್ಕು ಉಜ್ಜುವ ಗರಗರ ಸದ್ದು ನಿಲ್ಲುವವರೆಗೆ.