ಅತಿಥಿಯ ದನಿ ಎಲ್ಲಿ ಕೂರಬೇಕು?

ಎರಡು ಮೂರು ವರ್ಷ ಸುಮ್ಮನಿದ್ದು ಮತ್ತೆ ಒಂದುಗೂಡಿದ ಬ್ಯಾಂಡ್‌ಗಳು ಮಿಕ್ಸಿಂಗ್‌ಗೆಂದು (ಬೇರೆ ಬೇರೆಯಾಗಿ ಧ್ವನಿಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆಂದು) ನನ್ನ ಬಳಿ ಬಂದಾಗ ಒಂದು ಮಾತು ತಪ್ಪದೆ ಬರುತ್ತದೆ: 'ಸರ್, ಈ ಸಲ ಹೊರಗಿನ ಗಾಯಕರಿಂದಲೂ ಹಾಡಿಸಿದ್ದೇವೆ, ಅವರ ದನಿ ಎದ್ದು ಕೇಳಿಸಬೇಕು.' ಹಾಡೆಲ್ಲ ಸಿದ್ಧವಾದ ಮೇಲೆ ತಂದು ಸೇರಿಸಿದ ದನಿ ಅದು. ಫೇಡರ್ (ದನಿಯ ಮಟ್ಟ ಏರಿಳಿಸುವ ಜಾರುಗುಂಡಿ) ಎಷ್ಟು ಏರಿಸಿದರೂ ಎಣ್ಣೆಯಂತೆ ಮೇಲೆ ತೇಲುತ್ತದೆ, ಹಾಡಿನೊಳಗೆ ಇಳಿಯುವುದಿಲ್ಲ. ಅಂಥವರನ್ನು ಕೂರಿಸಿ ನಾನು ಮೊದಲು ಕೇಳಿಸುವುದು ಅಮೆರಿಕದ 'ದಿ ನ್ಯಾಷನಲ್' ಬ್ಯಾಂಡ್ 2023ರ ಏಪ್ರಿಲ್‌ನಲ್ಲಿ ಹೊರತಂದ 'ಫಸ್ಟ್ ಟು ಪೇಜಸ್ ಆಫ್ ಫ್ರಾಂಕೆನ್‌ಸ್ಟೈನ್' ಆಲ್ಬಂ.

ಒಹಾಯೊದ ಸಿನ್ಸಿನಾಟಿಯಿಂದ ಬಂದ ಐವರು 1999ರಲ್ಲಿ ಬ್ರೂಕ್ಲಿನ್‌ನಲ್ಲಿ ಕಟ್ಟಿದ ಬ್ಯಾಂಡ್ ಇದು. ಡೆಸ್ನರ್ ಅವಳಿಗಳು, ಡೆವೆಂಡಾರ್ಫ್ ಸಹೋದರರು, ಗಾಯಕ ಮ್ಯಾಟ್ ಬರ್ನಿಂಗರ್. ಆರನ್ ಡೆಸ್ನರ್ ವಾದ್ಯಸಂಗೀತದ ತುಣುಕುಗಳನ್ನು ಕಳುಹಿಸುತ್ತಾರೆ, ಬರ್ನಿಂಗರ್ ಅವನ್ನು ಕೇಳುತ್ತಾ ಸಾಹಿತ್ಯ ಕಟ್ಟುತ್ತಾರೆ. 2019ರ ಆಲ್ಬಂ ಆದ ಮೇಲೆ ಕೋವಿಡ್ ಬಂತು, ಪ್ರವಾಸಗಳು ನಿಂತವು. ಆಮೇಲೆ ಬರ್ನಿಂಗರ್ ಖಿನ್ನತೆಗೆ ಜಾರಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಬರೆಯಲು ಆಗಲಿಲ್ಲ. ಅತ್ತ ಆರನ್ 2020ರಲ್ಲಿ ಟೇಲರ್ ಸ್ವಿಫ್ಟ್ ಅವರ ಜೊತೆ ದೂರದಿಂದಲೇ ಫೈಲ್ ವಿನಿಮಯ ಮಾಡಿಕೊಳ್ಳುತ್ತಾ ಎರಡು ಆಲ್ಬಂಗಳಿಗೆ ದುಡಿದಿದ್ದರು. ಆ ಪಳಗಿದ ಕೈ ಇಲ್ಲಿ ನೆರವಿಗೆ ಬಂತು.

ಈ ಆಲ್ಬಂನಲ್ಲಿ ಸ್ವಿಫ್ಟ್ ಅತಿಥಿಯಾಗಿ ಹಾಡಿರುವ 'ದಿ ಆಲ್ಕಾಟ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬರ್ನಿಂಗರ್ ಅವರದು ಮಂದ್ರದ ದನಿ. ಸುಮಾರು 100ರಿಂದ 300 ಹರ್ಟ್ಸ್ ನಡುವಿನ ಆ ಜಾಗದಲ್ಲಿ ಬಾಸ್ ಗಿಟಾರ್, ಪಿಯಾನೊದ ಎಡಗೈ ಎಲ್ಲವೂ ನೂಕುನುಗ್ಗಲು ಮಾಡುತ್ತವೆ. ಸ್ವಿಫ್ಟ್ ಅವರ ದನಿ ಅದಕ್ಕಿಂತ ಮೇಲೆ ನಿಲ್ಲುತ್ತದೆ, ಅದೊಂದು ಅನುಕೂಲ. ನಿಜವಾದ ಜಾಣ್ಮೆ ಇರುವುದು ಬರವಣಿಗೆಯಲ್ಲಿ. ಬರ್ನಿಂಗರ್ ಹಾಡಿದ್ದ ಟ್ರ್ಯಾಕ್ ಕೇಳಿ ಸ್ವಿಫ್ಟ್ ತಮ್ಮ ಸಾಲುಗಳನ್ನು ತಾವೇ ಬರೆದರು. ಅವನ ಸಾಲು ಮುಗಿಯುವ ಬಿಡುವಿನಲ್ಲಿ ಅವಳ ಉತ್ತರ ಬಂದು ಕೂರುತ್ತದೆ. ಗೀಗೀ ಮೇಳದಲ್ಲಿ ಹರದೇಶಿಯವರ ಸವಾಲಿಗೆ ನಾಗೇಶಿಯವರು ಉತ್ತರ ಕಟ್ಟುವುದನ್ನು ರಾತ್ರಿಯಿಡೀ ಕೇಳಿದವರಿಗೆ ಈ ಹೆಣಿಗೆ ತಟ್ಟನೆ ಹಿಡಿಸುತ್ತದೆ. ಹೀಗೆ ಬರೆದ ಹಾಡಿನಲ್ಲಿ ಮಿಕ್ಸಿಂಗ್ ಎಂಜಿನಿಯರ್‌ಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಆಲ್ಬಂನ ಮೊದಲ ಹಾಡಿನಲ್ಲಿ ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್ ಇದ್ದಾರೆಂದು ಹೇಳದಿದ್ದರೆ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಪಿಯಾನೊದ ಹಿಂದೆ ಉಸಿರಿನಷ್ಟು ಮೆಲ್ಲಗೆ ಇದ್ದಾರೆ. ದೊಡ್ಡ ಹೆಸರಿನ ಗಾಯಕರನ್ನು ಹಾಗೆ ಹಿಂದೆ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ನಿಮ್ಮ ಹಾಡಿನಲ್ಲಿ ಅತಿಥಿಯ ಟ್ರ್ಯಾಕನ್ನು ಒಮ್ಮೆ ಮ್ಯೂಟ್ ಮಾಡಿ ಕೇಳಿ. ಏನೂ ಕಳೆದಂತೆ ಅನ್ನಿಸದಿದ್ದರೆ ಫೇಡರ್ ಮುಟ್ಟಬೇಡಿ, ಹಾಡನ್ನೇ ತಿದ್ದಿ. ಅತಿಥಿಗೆ ಫೈಲ್ ಕಳುಹಿಸಬೇಕಾದದ್ದು ಹಾಡು ಇನ್ನೂ ಹಸಿಯಾಗಿರುವಾಗ: ಕ್ಲಿಕ್ (ಲಯ ಹಿಡಿಯಲು ಟಕ್ ಟಕ್ ಎನ್ನುವ ಸದ್ದು), ಒಂದು ವಾದ್ಯ, ಕಚ್ಚಾ ಗಾಯನ, ಅಷ್ಟು ಸಾಕು.

ಈ ಆಲ್ಬಂ ಬಗ್ಗೆ ನನಗೆ ಒಂದು ಕೊರಗೂ ಇದೆ. ಬ್ರಯಾನ್ ಡೆವೆಂಡಾರ್ಫ್ ಅವರಂಥ ಡ್ರಮ್ಮರ್ ಇದ್ದೂ ಹಲವು ಕಡೆ ಡ್ರಮ್ ಮೆಷಿನ್ ಮುಂದಿದೆ. ಆ ಕೊರಗನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 'ಲಾಫ್ ಟ್ರ್ಯಾಕ್' ನೀಗಿಸಿತು. ಅದರಲ್ಲೂ ಅತಿಥಿಗಳಿದ್ದಾರೆ, ಆದರೆ ಡ್ರಮ್ಸ್ ಮತ್ತೆ ಜೀವ ತುಂಬಿಕೊಂಡು ನುಡಿಯುತ್ತದೆ. ಅದರ ಕೊನೆಯ ಹಾಡು 'ಸ್ಮೋಕ್ ಡಿಟೆಕ್ಟರ್' ಹುಟ್ಟಿದ್ದು ವ್ಯಾಂಕೂವರ್‌ನ ಒಂದು ಸೌಂಡ್‌ಚೆಕ್‌ನಲ್ಲಿ, ಅಂದರೆ ಕಾರ್ಯಕ್ರಮಕ್ಕೆ ಮುಂಚೆ ವೇದಿಕೆಯಲ್ಲಿ ಸದ್ದು ಪರೀಕ್ಷಿಸುವಾಗ. ಸುಮಾರು ಎಂಟು ನಿಮಿಷ, ಅತಿಥಿ ಗಾಯಕರು ಯಾರೂ ಇಲ್ಲ. ಬರೆಯಲಾಗದೆ ಕುಳಿತಿದ್ದ ಬರ್ನಿಂಗರ್ ಅಲ್ಲಿ ಮಾತು ನಿಲ್ಲಿಸುವುದೇ ಇಲ್ಲ.