16 ಮೀಟರ್ ನೀರು

ಅಜ್ಜನದೊಂದು ಹಳೇ ಸ್ವೆಟರ್ ಇತ್ತು. ಅಪ್ಪಟ ಉಣ್ಣೆಯದು. ಮೊಣಕೈ ಹತ್ತಿರ ತೂತು ಬಿದ್ದಿತ್ತು, ಆದರೂ ಬಿಸಾಡಲು ಯಾರಿಗೂ ಮನಸ್ಸಿಲ್ಲ. ಮಾರ್ಚಿನಲ್ಲಿ ಮಡಿಕೇರಿಗೆ ಒಳ್ಳೆ ಬಿಸಿಲು ಬಿದ್ದ ಒಂದು ದಿನ ಅದನ್ನು ಬಿಚ್ಚಿದೆ. ದಾರ ತೊಳೆದು, ಸುಕ್ಕು ಹೋಗುವ ಹಾಗೆ ನೇತುಹಾಕಿ ಒಣಗಿಸಿದೆ. ಚೀಟಿ ಇಲ್ಲದ ದಾರ. ಎಷ್ಟು ಉದ್ದ ಇದೆ ಅಂತ ಹೇಗೆ ತಿಳಿಯುವುದು?

ಸಂತೆಯಲ್ಲಿ ಹೂ ಮಾರುವವರು ಮೊಳ ಹಾಕುವುದನ್ನು ನೋಡಿದ್ದೀರಲ್ಲ. ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ ಎರಡೂ ಕೈ ಚಾಚಿದಷ್ಟು. ನಮ್ಮ ಮಾರು ಹೆಚ್ಚುಕಮ್ಮಿ ನಮ್ಮ ಎತ್ತರದಷ್ಟೇ ಇರುತ್ತದೆ. ನನ್ನದು 157 ಸೆಂ.ಮೀ. 100 ಮೀಟರಿಗೆ 64 ಸಲ ಕೈ ಚಾಚಬೇಕು. ನಲವತ್ತು ದಾಟುವಷ್ಟರಲ್ಲಿ ತೋಳು ಸೋತು ಮಾರು ಚಿಕ್ಕದಾಗುತ್ತದೆ. ಅಷ್ಟರಲ್ಲಿ ಗೇಟಿನ ಹತ್ತಿರ ಯಾರಾದರೂ ಕರೆದರೆ ಎಣಿಕೆಯೂ ಹೋಯಿತು.

ಅದಕ್ಕೇ ದಾರ ಅಳೆಯುವ ಸಾಧನಗಳಲ್ಲಿ ಹೆಚ್ಚಿನವು ಒಂದೇ ಉಪಾಯ ಹಿಡಿದಿವೆ. ಸುತ್ತಳತೆ ಗೊತ್ತಿರುವ ಚೌಕಟ್ಟಿಗೆ ಸುತ್ತುವುದು, ಸುತ್ತು ಎಣಿಸುವುದು. ಯುರೋಪ್, ಅಮೆರಿಕದ ಮನೆಗಳಲ್ಲಿ ಕ್ಲಾಕ್ ರೀಲ್ ಎಂಬ ಮರದ ಯಂತ್ರ ಇರುತ್ತಿತ್ತು. ಒಳಗೆ ಹಲ್ಲಿನ ಚಕ್ರ. ಸಾಮಾನ್ಯವಾಗಿ 40 ಸುತ್ತು ಆದ ಕೂಡಲೇ ತೆಳು ಮರದ ಪಟ್ಟಿಯೊಂದು ‘ಟಕ್’ ಅನ್ನುತ್ತಿತ್ತು. ಸುಮ್ನೆ ಹರಟೆ ಹೊಡೆಯುತ್ತಾ ಸುತ್ತಬಹುದು. ಹತ್ತಿ ನೂಲು ಪರೀಕ್ಷಿಸುವ ಹಳೇ ರೀಲಿನ ಸುತ್ತಳತೆ ಒಂದೂವರೆ ಗಜ. 80 ಸುತ್ತಿಗೆ 120 ಗಜ, ಅಂಥ ಏಳು ಸೇರಿದರೆ 840 ಗಜದ ಒಂದು ಲಡಿ. ಒಂದು ಪೌಂಡ್ ನೂಲಿನಲ್ಲಿ ಅಂಥ ಲಡಿ ಎಷ್ಟು ಸಿಗುತ್ತವೋ ಅದೇ ಕೌಂಟ್. ಬಟ್ಟೆ ಅಂಗಡಿಯಲ್ಲಿ ‘60 ಕೌಂಟ್’ ಅನ್ನುತ್ತಾರಲ್ಲ, ಅದು ಇಲ್ಲಿಂದ ಬಂದದ್ದು.

ನನ್ನ ಹತ್ತಿರ ರೀಲ್ ಇರಲಿಲ್ಲ. ಬಟ್ಟೆ ಹರಿದ ಕೊಡೆ ಇತ್ತು. ಕೊಡಗಿನಲ್ಲಿ ಹರಿದ ಕೊಡೆಗೇನು ಬರ? ಅದನ್ನು ಅರ್ಧ ಬಿಡಿಸಿ, ಎಂಟೂ ಕಡ್ಡಿಗಳ ಮೇಲೆ ನಡುವಿನ ಕೋಲಿನಿಂದ 30 ಸೆಂ.ಮೀ. ದೂರಕ್ಕೆ ಗುರುತು ಹಾಕಿದೆ. ಶಾಲೆಯಲ್ಲಿ ಕಲಿತ ವೃತ್ತದ ಸೂತ್ರದ ಪ್ರಕಾರ ಒಂದು ಸುತ್ತಿಗೆ 188.5 ಸೆಂ.ಮೀ. ಆಗಬೇಕು. ಟೇಪ್ ಹಿಡಿದರೆ 184ಕ್ಕೂ ಸ್ವಲ್ಪ ಕಮ್ಮಿ! ಯಾಕೆಂದರೆ ದಾರ ಬಳಸಿಕೊಂಡು ಹೋಗುವುದಿಲ್ಲ, ಕಡ್ಡಿಯಿಂದ ಕಡ್ಡಿಗೆ ನೇರ ಹಾಯುತ್ತದೆ. ಅದು ವೃತ್ತ ಅಲ್ಲ, ಎಂಟು ಮೂಲೆಯ ಆಕೃತಿ. ಸೂತ್ರ ನಂಬಿದ್ದರೆ ನೂರು ಸುತ್ತಿಗೆ ಐದು ಮೀಟರ್ ಹತ್ತಿರ ಖೋತಾ. ಇನ್ನೊಂದು ತೊಂದರೆ, ಉಣ್ಣೆಯನ್ನು ಬಿಗಿಯಾಗಿ ಎಳೆದು ಸುತ್ತಿದರೆ ಅದು ಹಿಗ್ಗಿ ನಿಲ್ಲುತ್ತದೆ, ಬಿಟ್ಟಾಗ ಮತ್ತೆ ಕುಗ್ಗುತ್ತದೆ. ಹಾಗಾಗಿ ಜೋಲದಂತೆ, ಬಿಗಿಯದಂತೆ ಸುತ್ತಿದೆ. 54 ಸುತ್ತು, ಮೇಲೆ ಅರ್ಧ ಮಾರು. ಸರಿಯಾಗಿ 100 ಮೀಟರಿನ ಒಂದು ಲಡಿ ಆಯಿತು. ಅಡುಗೆಮನೆಯ ತಕ್ಕಡಿಯಲ್ಲಿ 50 ಗ್ರಾಂ ತೂಗಿತು. ಅದಕ್ಕೆ ‘100 ಮೀ.’ ಅಂತ ಚೀಟಿ ಕಟ್ಟಿ ಮೊಳೆಗೆ ನೇತುಹಾಕಿದೆ.

ಇನ್ನು ಅಳೆಯುವ ಕೆಲಸವೇ ಇಲ್ಲ, ತೂಗಿದರೆ ಸಾಕು ಅಂದುಕೊಂಡೆ. ಗಿರಣಿಗಳ ಲೆಕ್ಕವೂ ಇದೇ. 1000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಟೆಕ್ಸ್. ನನ್ನ ದಾರ 500 ಟೆಕ್ಸ್. ಕೈಮಗ್ಗದವರು ಇಷ್ಟಪಡುವ ಮೆಕ್‌ಮೊರನ್ ತಕ್ಕಡಿ ಇನ್ನೂ ಜಾಣ. ಅಂಗೈ ಮೇಲೆ ಕೂರುವ ಪುಟ್ಟ ಸಾಧನ. ಕೋಲಿನ ತುದಿಗೆ ಒಂದು ತುಂಡು ದಾರ ತೂಗುಹಾಕಿ, ಕೋಲು ಸಮಕ್ಕೆ ಬರುವವರೆಗೂ ಕತ್ತರಿಯಲ್ಲಿ ಚೂರುಚೂರೇ ಕತ್ತರಿಸುತ್ತಾ ಹೋಗುವುದು. ಉಳಿದ ತುಂಡು ಎಷ್ಟು ಇಂಚು ಇದೆಯೋ ಅದನ್ನು ನೂರರಿಂದ ಗುಣಿಸಿದರೆ, ಒಂದು ಪೌಂಡಿಗೆ ಎಷ್ಟು ಗಜ ಎಂಬ ಉತ್ತರ ಬರುತ್ತದೆ.

ಕಕ್ಕಡ ತಿಂಗಳು ಬಂತು. ಹೊರಗೆ ಕಾಲಿಡಲಾಗದ ಮಳೆ. ತಂಗಿಯ ಮಗುವಿಗೆ ಸ್ವೆಟರ್ ಹೆಣೆಯೋಣ ಅಂತ ಕೂತೆ. ಬೇಕಾದ್ದು 270 ಮೀಟರ್. ಟೋಪಿಗೆ ಹೋಗಿ ಉಳಿದ ಉಂಡೆ ತೂಗಿದರೆ 140 ಗ್ರಾಂ, ಅಂದರೆ 280 ಮೀಟರ್. ಧಾರಾಳ!

ಎರಡನೇ ತೋಳಿನ ಕೊನೆಯಲ್ಲಿ ದಾರ ಮುಗಿಯಿತು. ಇನ್ನೂ ಆರು ಮೀಟರ್ ಬೇಕು. ತಕ್ಕಡಿ ಕೆಟ್ಟಿದೆಯಾ ಅಂತ ಮೊಳೆಯ ಮೇಲಿನ ಲಡಿಯನ್ನೇ ತೂಗಿದೆ. 53 ಗ್ರಾಂ! ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ.

ನಗು ಬಂತು. ನಾವು ಕಾಫಿ ಮಾರಲು ಹೋದರೆ ವ್ಯಾಪಾರಿ ಮೊದಲು ತೆಗೆಯುವುದು ಮಾಯಿಶ್ಚರ್ ಮೀಟರ್. ತೇವ ಜಾಸ್ತಿ ಕಂಡರೆ ತೂಕ ಕಳೆಯುತ್ತಾರೆ. ಆ ಲೆಕ್ಕ ಹುಟ್ಟಿದಾಗಿಂದ ಗೊತ್ತು, ಉಣ್ಣೆಗೆ ಅದನ್ನು ಹಾಕಬೇಕು ಅಂತ ಮಾತ್ರ ಹೊಳೆಯಲಿಲ್ಲ. ಉಣ್ಣೆ ಅಂದರೆ ಕೂದಲು, ಕೆರಾಟಿನ್ ಎಂಬ ಪ್ರೋಟೀನು. ಗಾಳಿಯಲ್ಲಿನ ನೀರಾವಿ ಎಳೆಯ ಮೇಲೆ ಕೂರುವುದಿಲ್ಲ, ಒಳಗೇ ಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಕೈಗೆ ಗೊತ್ತಾಗುವುದಿಲ್ಲ. ಗಾಳಿಯ ತೇವಾಂಶ ಶೇ. 65 ಇದ್ದಾಗ 100 ಗ್ರಾಂ ಒಣ ಉಣ್ಣೆ ಸುಮಾರು 15 ಗ್ರಾಂ ನೀರು ಹಿಡಿದಿರುತ್ತದೆ. ಶೇ. 90 ಆದರೆ 22ರ ಆಸುಪಾಸು. ಕಕ್ಕಡದಲ್ಲಿ ನಮ್ಮ ಮನೆಯೊಳಗಿನ ಗಾಳಿ ಹೇಗಿರುತ್ತದೆ ಅಂತ ಗೋಡೆಯ ಬೂಷ್ಟೇ ಹೇಳುತ್ತದೆ. ಇದೇ ಕಾರಣಕ್ಕೆ ಭಾರತದ ಜವಳಿ ಪ್ರಯೋಗಾಲಯಗಳು 27 ಡಿಗ್ರಿ ಬಿಸಿ, ಶೇ. 65 ತೇವಾಂಶದ ಕೋಣೆಯಲ್ಲಿ ನೂಲನ್ನು ಇಟ್ಟು, ಆಮೇಲೆ ತೂಗುತ್ತವೆ. ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡುವ ಅಗ್ಗದ ಅಕ್ರಿಲಿಕ್‌ಗೆ ಈ ರಗಳೆಯೇ ಇಲ್ಲ. ಅದು ನೀರು ಹಿಡಿಯುವುದು ಶೇ. 1-2 ಅಷ್ಟೇ. ತೂಗಿ ಅಳೆಯುವವರಿಗೆ ಮಳೆಗಾಲದಲ್ಲಿ ಅಗ್ಗದ್ದೇ ವಾಸಿ ಅನ್ನಿ.

ಆದರೆ ದಾರಿ ನನ್ನ ಮೊಳೆಯ ಮೇಲೇ ಇತ್ತು. ಲಡಿಯೂ ಉಂಡೆಯೂ ಒಂದೇ ಮನೆಯ ಗಾಳಿ ಕುಡಿದಿವೆ. ಎರಡನ್ನೂ ಒಂದೇ ದಿನ ತೂಗಿ ಭಾಗಿಸಿದರೆ ನೀರಿನ ಲೆಕ್ಕ ತಾನಾಗಿಯೇ ಹೊಡೆದುಹೋಗುತ್ತದೆ. 140ನ್ನು 53ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 264 ಮೀಟರ್. ತಕ್ಕಡಿ ತಪ್ಪು ಹೇಳಿರಲಿಲ್ಲ. ಮಾರ್ಚಿನ 50 ಗ್ರಾಂ ಹಿಡಿದು ಕಕ್ಕಡದ ಉಂಡೆ ಅಳೆದದ್ದು ನನ್ನ ತಪ್ಪು. 280ರಲ್ಲಿ 16 ಮೀಟರ್ ಬರೀ ನೀರು.

ಸ್ವೆಟರ್ ಮುಗಿಸಲು ಬೇಕಾದ ಆರು ಮೀಟರನ್ನು ಲಡಿಯಿಂದಲೇ ಕತ್ತರಿಸಿಕೊಂಡೆ. ಈಗ ಅದು ಮತ್ತೆ ಮೊಳೆಯ ಮೇಲಿದೆ, ಚೀಟಿಯಲ್ಲಿ 100 ಹೊಡೆದುಹಾಕಿ 94 ಅಂತ ಬರೆದಿದ್ದೇನೆ.